ಅರಬ್ಬಿ ಸಮುದ್ರದ ಎಂಬತ್ತೆರಡು

ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಗೆ ಎಷ್ಟು ಜನ ಸೇರಿದ್ದರು ಎಂದು ಕೇಳಿದರೆ ಮೂವರು ಮೂರು ಲೆಕ್ಕ ಹೇಳುತ್ತಾರೆ. ಜಾತ್ರಾ ಕಮಿಟಿಯವರದು ದೊಡ್ಡ ಲೆಕ್ಕ. ಬಂದೋಬಸ್ತಿಗೆ ನಿಂತ ಪೊಲೀಸರದು ಅದರ ಅರ್ಧ. ಬೆಂಡು ಬತ್ತಾಸು ಮಾರಲು ಕೂತವನಿಗೆ ವ್ಯಾಪಾರ ಸಪ್ಪಗಿದ್ದರೆ ಆ ಅರ್ಧದಲ್ಲೂ ಅರ್ಧ. ಯಾರೂ ಬೇಕೆಂದು ಸುಳ್ಳು ಹೇಳುತ್ತಿಲ್ಲ. ಅತ್ತಿಂದಿತ್ತ ಹರಿದಾಡುವ ಜನರನ್ನು ತಲೆ ಎಣಿಸಿ ಮುಗಿಸಲು ಆಗುವುದಿಲ್ಲ, ಅಷ್ಟೇ.

ಎಲ್ಲರನ್ನೂ ಎಣಿಸದೆಯೇ ನಂಬಬಹುದಾದ ಲೆಕ್ಕ ಹಿಡಿಯಲು ಒಂದು ದಾರಿಯಿದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ, ನಮ್ಮ ಮೈಸೂರಿನಲ್ಲೇ ತಯಾರಾಗುವಂಥದ್ದು, ಒಂದೆರಡು ಬಾಟಲಿ ತರಿಸಿಕೊಳ್ಳಿ. ಜಾತ್ರೆಯ ಮೊದಲ ದಿನ ಸಿಕ್ಕಸಿಕ್ಕ 400 ಜನರ ಬೆರಳಿಗೆ ಒಂದೊಂದು ಗೆರೆ ಎಳೆದು ಬಿಟ್ಟುಬಿಡಿ. ಅವರು ಜನರಲ್ಲಿ ಬೆರೆತುಹೋಗಲಿ. ಎರಡನೆಯ ದಿನ ಮತ್ತೆ ಸಿಕ್ಕಸಿಕ್ಕ 500 ಜನರ ಬೆರಳು ನೋಡಿ. ಅವುಗಳಲ್ಲಿ 20 ಬೆರಳಿಗೆ ಶಾಯಿ ಇದೆ ಎಂದುಕೊಳ್ಳೋಣ. 500ಕ್ಕೆ 20 ಎಂದರೆ ನೂರಕ್ಕೆ 4. ಇಡೀ ಜಾತ್ರೆಯಲ್ಲೂ ನೂರಕ್ಕೆ 4 ಜನ ಶಾಯಿಯವರು ಎಂದಾಯಿತು. ಶಾಯಿಯವರು ಒಟ್ಟು 400 ಎಂಬುದು ನಮಗೆ ಮೊದಲೇ ಗೊತ್ತು. ಹಾಗಾದರೆ ಜಾತ್ರೆಯಲ್ಲಿದ್ದವರು 10 ಸಾವಿರ. ಎರಡು ದಿನ ಸೇರಿ ನಾವು ಕಂಡದ್ದು 880 ಮುಖ. ಉಳಿದ ಒಂಬತ್ತು ಸಾವಿರ ಚಿಲ್ಲರೆ ಜನರನ್ನು ಕಣ್ಣಿಂದ ನೋಡದೆಯೇ ಲೆಕ್ಕಕ್ಕೆ ತಂದಿದ್ದೇವೆ.

ಈ ಲೆಕ್ಕ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದು ಮುಂದೆ ಬಹಳ ಬೇಕಾಗುವ ಸಂಗತಿ. ಹಾಗಾಗಿ ಜಾತ್ರೆಯಲ್ಲೇ ಇನ್ನಷ್ಟು ಹೊತ್ತು ನಿಲ್ಲೋಣ. ಬಳೆ ಅಂಗಡಿ, ಆಟಿಕೆ ಅಂಗಡಿ ಇಟ್ಟವರು ಎರಡೂ ದಿನ ಅಲ್ಲೇ ಕೂತಿರುತ್ತಾರೆ. ನಮ್ಮ ಕೈಗೆ ಅವರೇ ಮತ್ತೆ ಮತ್ತೆ ಸಿಗುತ್ತಾರೆ. ಶಾಯಿಯ ಬೆರಳು ಇರಬೇಕಾದ್ದಕ್ಕಿಂತ ಹೆಚ್ಚು ಕಂಡು ಒಟ್ಟು ಲೆಕ್ಕ ಕೆಳಗಿಳಿಯುತ್ತದೆ. ಶಾಯಿ ಹಚ್ಚಿಸಿಕೊಂಡು ಸಿಟ್ಟಾದವರು ಮರುದಿನ ನಮ್ಮನ್ನು ಕಂಡೊಡನೆ ಬೇರೆ ಓಣಿ ಹಿಡಿದರೆ ಲೆಕ್ಕ ಮೇಲೇರುತ್ತದೆ. ಸಿಂದಗಿಯಿಂದ ಬಂದವರು ಸಂಜೆ ಬಸ್ಸಿಗೆ ಹೊರಟುಹೋಗಿ, ಮರುದಿನ ಮುದ್ದೇಬಿಹಾಳದ ಬಸ್ಸಿಗೆ ಹೊಸಬರು ಬಂದಿಳಿದರೆ ಶಾಯಿಯವರ ಪಾಲು ತೆಳುವಾಗಿ ಲೆಕ್ಕ ಇನ್ನೂ ಉಬ್ಬುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನಾವು ಎರಡೂ ದಿನ ಗುಡಿಯ ಒಂದೇ ಬಾಗಿಲಲ್ಲಿ ನಿಂತಿರುವುದು. ಆ ಬಾಗಿಲಿಗೆ ಬಾರದವರು ನಮ್ಮ ಪಾಲಿಗೆ ಹುಟ್ಟಿಯೇ ಇಲ್ಲ.

ಇದೆಲ್ಲ ಸರಿಯಾಗಿದ್ದರೂ ಅದೃಷ್ಟದ ಆಟ ತಪ್ಪದು. 500 ಜನರಲ್ಲಿ ಶಾಯಿಯವರು 20 ಜನವೇ ಸಿಗಬೇಕೆಂದು ಯಾವ ಕಟ್ಟಳೆಯೂ ಇಲ್ಲ. ಒಂದು ದಿನ 12 ಸಿಕ್ಕಾರು, ಇನ್ನೊಂದು ದಿನ 28. ಹನ್ನೆರಡೇ ಸಿಕ್ಕರೆ ಒಟ್ಟು ಲೆಕ್ಕ ಹದಿನಾರೂವರೆ ಸಾವಿರ ದಾಟುತ್ತದೆ, 28 ಸಿಕ್ಕರೆ ಏಳು ಸಾವಿರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಪ್ರಾಮಾಣಿಕವಾದ ಉತ್ತರ 10 ಸಾವಿರ ಅಲ್ಲ. ಏಳರಿಂದ ಹದಿನಾರೂವರೆ ಸಾವಿರದೊಳಗೆ ಎಲ್ಲೋ, ಹೆಚ್ಚಾಗಿ ಹತ್ತರ ಹತ್ತಿರ. ಮೇಲಿನ ತುದಿ ಕೆಳಗಿನ ತುದಿಗಿಂತ ದೂರ ಚಾಚಿಕೊಂಡಿರುವುದನ್ನೂ ಗಮನಿಸಿ. ಇಂಥ ಲೆಕ್ಕಗಳಲ್ಲಿ ಅದು ಹಾಗೆಯೇ ಇರುತ್ತದೆ.

ಡೆನ್ಮಾರ್ಕಿನ ಮೀನುಗಾರಿಕೆ ವಿಜ್ಞಾನಿ ಪೀಟರ್ಸನ್ ಮೀನುಗಳಿಗೆ ಗುರುತು ಕಟ್ಟಿ ಬಿಟ್ಟ ಕೆಲಸವನ್ನು 1896ರಲ್ಲಿ ಪ್ರಕಟಿಸಿದ. ಅಮೆರಿಕದ ಪಕ್ಷಿವಿಜ್ಞಾನಿ ಲಿಂಕನ್ 1930ರಲ್ಲಿ ಇದೇ ಉಪಾಯದಿಂದ ಬಾತುಕೋಳಿಗಳ ಲೆಕ್ಕ ಹಿಡಿದ. ಗುರುತಿನವು ಒಂದೂ ಸಿಗದಿದ್ದರೆ ಸೊನ್ನೆಯಿಂದ ಭಾಗಿಸುವ ಫಜೀತಿ ಬರುತ್ತದಲ್ಲ, ಅದಕ್ಕೆ 1951ರಲ್ಲಿ ಚ್ಯಾಪ್‌ಮನ್ ಎಂಬಾತ ಪ್ರತಿ ಸಂಖ್ಯೆಗೂ ಒಂದೊಂದು ಕೂಡಿಸಿ, ಗುಣಿಸಿ ಭಾಗಿಸಿದ ಮೇಲೆ ಕೊನೆಗೆ ಒಂದು ಕಳೆಯುವ ತಿದ್ದುಪಡಿ ಕೊಟ್ಟ. ನಮ್ಮ ಜಾತ್ರೆಗೆ ಆತನ ಲೆಕ್ಕ ಹಾಕಿದರೆ 10 ಸಾವಿರದ ಬದಲು 9,566 ಬರುತ್ತದೆ. ಮಾದರಿ ಚಿಕ್ಕದಿದ್ದಾಗ ಈ ತಿದ್ದುಪಡಿ ಬಹಳ ಕೆಲಸಕ್ಕೆ ಬರುತ್ತದೆ.

ಈಗ ಜಾತ್ರೆ ಬಿಟ್ಟು ಸಮುದ್ರಕ್ಕೆ ಹೋಗೋಣ. ಹಂಪ್‌ಬ್ಯಾಕ್ ತಿಮಿಂಗಿಲದ ಬೆರಳಿಗೆ ಶಾಯಿ ಹಚ್ಚುವ ಪ್ರಶ್ನೆಯೇ ಇಲ್ಲ, ಆದರೆ ಅದರ ಅಗತ್ಯವೂ ಇಲ್ಲ. ಗುರುತನ್ನು ಅದು ಹುಟ್ಟಿನಿಂದಲೇ ಹೊತ್ತು ತಂದಿರುತ್ತದೆ, ಬಾಲದ ಕೆಳಮೈಯಲ್ಲಿ.

ತಿಮಿಂಗಿಲ ಮೇಲೆ ಬಂದು ನಾಲ್ಕಾರು ಸಲ ಉಸಿರು ಬಿಡುತ್ತದೆ. ಆಳಕ್ಕೆ ಇಳಿಯುವ ಮನಸ್ಸಾದಾಗ ಬೆನ್ನನ್ನು ಚೆನ್ನಾಗಿ ಬಾಗಿಸುತ್ತದೆ. ಗೂನಿನ ಮೇಲಿನ ಗಿಡ್ಡ ಈಜುರೆಕ್ಕೆ ಒಮ್ಮೆ ಕಂಡು ಮರೆಯಾಗುತ್ತದೆ. ಆಮೇಲೆ ಬಾಲ ನೀರು ಸುರಿಸುತ್ತಾ ನೆಟ್ಟಗೆ ಏಳುತ್ತದೆ, ನಾಲ್ಕು ಮೀಟರಿನಷ್ಟು ಅಗಲ. ದೋಣಿ ಅದರ ಬೆನ್ನ ಹಿಂದೆಯೇ ಇದ್ದರೆ, ಅಲೆ ಅಡ್ಡ ಬರದಿದ್ದರೆ, ಬಿಸಿಲು ಎದುರಿಗಿಲ್ಲದಿದ್ದರೆ ಒಂದೆರಡು ಸೆಕೆಂಡು ಆ ಕೆಳಮೈ ಪೂರ್ತಿ ಕಾಣುತ್ತದೆ. ಕೆಲವದು ಅಚ್ಚ ಬಿಳಿ, ಕೆಲವದು ಇದ್ದಿಲು ಕಪ್ಪು, ಹೆಚ್ಚಿನವದು ಕಪ್ಪು ಬಿಳಿ ಎರಡೂ ಕಲೆಸಿದ್ದು. ಹಿಂದಿನ ಅಂಚು ಹಲ್ಲುಹಲ್ಲಾಗಿರುತ್ತದೆ, ಯಾವ ಎರಡೂ ಒಂದೇ ತರಹ ಇರುವುದಿಲ್ಲ. ಓರ್ಕಾಗಳು ಕಚ್ಚಿದ ಜಾಗದಲ್ಲಿ ಸಾಲು ಗೀರು, ಬಾಲದ ಬುಡದಲ್ಲಿ ಬಲೆಯ ಹಗ್ಗ ಕೊಯ್ದ ಗಾಯ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಸ್ಟೀವನ್ ಕಟೋನಾ ಮತ್ತು ಸಂಗಡಿಗರು 1970ರ ದಶಕದಲ್ಲಿ ಇಂಥ ಫೋಟೊಗಳನ್ನು ಕಲೆಹಾಕಿ ತಿಮಿಂಗಿಲಗಳ ಪಟ್ಟಿ ಮಾಡತೊಡಗಿದರು. ಒಂದು ವರ್ಷದ ಫೋಟೊಗಳು ಶಾಯಿಯ ಬೆರಳುಗಳು, ಮರುವರ್ಷದ ಫೋಟೊಗಳು ಎರಡನೆಯ ದಿನದ ತಪಾಸಣೆ.

ಒಮಾನಿನ ಕರಾವಳಿಯಲ್ಲಿ ಜಿಯಾನ್ನಾ ಮಿಂಟನ್ ಮತ್ತು ಜೊತೆಗಾರರು ಮಾಡಿದ್ದು ಇದನ್ನೇ. 2000ದಿಂದ ಕೆಲವು ವರ್ಷ ಸಣ್ಣ ದೋಣಿಗಳಲ್ಲಿ ಸುತ್ತಿ, ಬಾಲದಿಂದಲೋ ಬೆನ್ನಿನ ಈಜುರೆಕ್ಕೆಯಿಂದಲೋ 64 ತಿಮಿಂಗಿಲಗಳನ್ನು ಬಿಡಿಬಿಡಿಯಾಗಿ ಗುರುತಿಸಿದರು. ಕಂಡವೇ ಮತ್ತೆ ಮತ್ತೆ ಕಾಣುತ್ತಿದ್ದವು. ಹಾಗೆ ಕಾಣುವುದು ಸಂಖ್ಯೆ ಚಿಕ್ಕದಿದೆ ಎಂಬುದರ ಮೊದಲ ಸುಳಿವು. ಚ್ಯಾಪ್‌ಮನ್ ಸೂತ್ರಕ್ಕೆ ಹಾಕಿದಾಗ ಬಂದ ಅಂದಾಜು 82. ಕೆಳತುದಿ 60, ಮೇಲ್ತುದಿ 111. 2011ರಲ್ಲಿ ಪ್ರಕಟವಾದ ಈ ಲೆಕ್ಕ ಅರಬ್ಬಿ ಸಮುದ್ರದ ಹಂಪ್‌ಬ್ಯಾಕುಗಳ ಬಗ್ಗೆ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ಲೆಕ್ಕ.

ಈ 82ರ ತೂಕ ತಿಳಿಯಬೇಕಾದರೆ ಇವು ಯಾವ ಬಗೆಯ ತಿಮಿಂಗಿಲ ಎಂದು ಗೊತ್ತಿರಬೇಕು. ಬೇರೆ ಕಡಲುಗಳ ಹಂಪ್‌ಬ್ಯಾಕುಗಳು ಬೇಸಿಗೆಯಲ್ಲಿ ಧ್ರುವದ ಕಡೆಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು, ಚಳಿಗಾಲಕ್ಕೆ ಬೆಚ್ಚನೆಯ ನೀರಿಗೆ ಬಂದು ಮರಿ ಹಾಕುತ್ತವೆ. ವರ್ಷಕ್ಕೆ ಸಾವಿರಾರು ಕಿಲೋಮೀಟರ್ ಅಲೆದಾಟ. ಅರಬ್ಬಿ ಸಮುದ್ರದವು ಎಲ್ಲಿಗೂ ಹೋಗುವುದಿಲ್ಲ. ಸಹ್ಯಾದ್ರಿಗೆ ಬಡಿದು ಮಳೆ ಸುರಿಸಿ ಆಲಮಟ್ಟಿಯ ಗೇಟು ತೆಗೆಸುವ ಅದೇ ನೈಋತ್ಯ ಮಾರುತ, ಒಮಾನಿನ ಕರಾವಳಿಯಲ್ಲಿ ಮೇಲುನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಸತ್ವ ಹೊತ್ತು ಮೇಲೆ ಬರುತ್ತದೆ. ಅದರಿಂದ ಪ್ಲಾಂಕ್ಟನ್, ಪ್ಲಾಂಕ್ಟನ್‌ನಿಂದ ಸಣ್ಣ ಮೀನು, ಸಣ್ಣ ಮೀನಿನಿಂದ ತಿಮಿಂಗಿಲ. ಮನೆಯಂಗಳದಲ್ಲೇ ಅನ್ನ ಸಿಗುವಾಗ ಅಂಟಾರ್ಕ್ಟಿಕಕ್ಕೆ ಹೋಗುವುದೇಕೆ? ವಂಶವಾಹಿಗಳನ್ನು ಹೋಲಿಸಿ ನೋಡಿದ ತಜ್ಞರ ಪ್ರಕಾರ ಈ ಗುಂಪು ಉಳಿದ ಹಂಪ್‌ಬ್ಯಾಕುಗಳಿಂದ ಬೇರೆಯಾಗಿ ಸುಮಾರು 70 ಸಾವಿರ ವರ್ಷ. ಇವು ಅಳಿದರೆ ಬೇರೆ ಕಡಲಿನಿಂದ ಬಂದು ಜಾಗ ತುಂಬುವವರಿಲ್ಲ.

ಹಿಂದೆ ಎಷ್ಟಿದ್ದವು? ಇದಕ್ಕೆ ಉತ್ತರ ಬಂದದ್ದು ಕೊಂದವರ ಕಡತದಿಂದ. 1966ರ ನವೆಂಬರಿನಲ್ಲಿ ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ, ವಾಯವ್ಯ ಭಾರತದ ಕಡಲಲ್ಲಿ 238 ಹಂಪ್‌ಬ್ಯಾಕುಗಳನ್ನು ಕೊಂದವು. ಹಿಂದಿನ ವರ್ಷದ ನಾಲ್ಕು ಸೇರಿಸಿದರೆ 242. ಎಲ್ಲವೂ ಕಾನೂನಿಗೆ ಹೊರಗೆ, ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗಕ್ಕೆ ತೋರಿಸಿದ ದಾಖಲೆಗೆ ಹೊರಗೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಜೀವವಿಜ್ಞಾನಿ ಯೂರಿ ಮಿಖಲೆವ್ ನಿಜವಾದ ಅಂಕಿಗಳನ್ನು 1997ರಲ್ಲಿ ಪ್ರಕಟಿಸಿದ. ಒಂದೇ ತಿಂಗಳಲ್ಲಿ ಸತ್ತವು ಇವತ್ತು ಬದುಕಿವೆ ಎಂದು ಅಂದಾಜಿಸಿದ್ದರ ಹೆಚ್ಚುಕಡಿಮೆ ಮೂರು ಪಟ್ಟು. ಬೇಟೆಯ ಪುಸ್ತಕಗಳನ್ನು ನಂಬಿ ಹಿಂದಿನ ಸಂಖ್ಯೆ ಲೆಕ್ಕ ಹಾಕುತ್ತಿದ್ದವರೆಲ್ಲ ಅದುವರೆಗೆ ಗಾಳಿಯಲ್ಲಿ ಗೋಪುರ ಕಟ್ಟಿದ್ದರು. ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2008ರಲ್ಲಿ ಈ ಗುಂಪನ್ನು ಪ್ರತ್ಯೇಕವಾಗಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಫೋಟೊ ತೆಗೆಯುವುದು ಒಂದು ದಾರಿ. ಇನ್ನೊಂದು, ಹಡಗನ್ನು ನಕಾಶೆಯ ಮೇಲೆ ಎಳೆದ ನೇರ ಗೆರೆಗುಂಟ ನಡೆಸಿ, ಕಂಡ ಪ್ರತಿ ತಿಮಿಂಗಿಲವೂ ಗೆರೆಯಿಂದ ಎಷ್ಟು ದೂರದಲ್ಲಿತ್ತು ಎಂದು ಬರೆದುಕೊಳ್ಳುವುದು. ಗೆರೆಯ ಹತ್ತಿರ ಹೆಚ್ಚು ಕಾಣುತ್ತವೆ, ದೂರ ಹೋದಂತೆ ಕಡಿಮೆ. ತಿಮಿಂಗಿಲಗಳು ದೂರದಲ್ಲಿ ಕಡಿಮೆ ಇವೆ ಎಂದಲ್ಲ, ನಮ್ಮ ಕಣ್ಣು ಸೋತಿತು ಎಂದರ್ಥ. ಆ ಇಳಿತದ ವಕ್ರರೇಖೆಯಿಂದಲೇ ಎಷ್ಟು ತಪ್ಪಿಹೋದವು ಎಂದು ಹೇಳಬಹುದು. ನಮ್ಮ ಕಾಡುಗಳಲ್ಲಿ ಜಿಂಕೆ, ಕಡವೆ, ಕಾಟಿಗಳನ್ನು ಅಂದಾಜು ಮಾಡುವವರು ಕಾಲುದಾರಿಯಲ್ಲಿ ನಡೆದು ಮಾಡುವುದೂ ಇದನ್ನೇ. ಆದರೆ ಜಿಂಕೆ ನೆಲದೊಳಗೆ ಇಳಿಯುವುದಿಲ್ಲ. ತಿಮಿಂಗಿಲ ಹತ್ತು ನಿಮಿಷ ನೀರೊಳಗಿದ್ದರೆ ಹಡಗು ನೇರ ಅದರ ಮೇಲೆ ಹಾದುಹೋದರೂ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಒಂದೇ ಹಡಗಿನಲ್ಲಿ ಎರಡು ತಂಡ ಇಡುತ್ತಾರೆ, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳದ ಹಾಗೆ. ಮೇಲಿನ ತಂಡ ಕಂಡದ್ದರಲ್ಲಿ ಕೆಳಗಿನ ತಂಡಕ್ಕೆ ಎಷ್ಟು ಕಂಡವು ಎಂದು ಆಮೇಲೆ ತಾಳೆ ನೋಡುತ್ತಾರೆ. ಶಾಯಿಯ ಬೆರಳು ಇಲ್ಲೂ ಬಂತು. ಅಂಟಾರ್ಕ್ಟಿಕದ ಮಿಂಕೆ ತಿಮಿಂಗಿಲಗಳ ಲೆಕ್ಕ ಒಂದು ಸುತ್ತಿನಲ್ಲಿ 7 ಲಕ್ಷ 20 ಸಾವಿರ ಬಂದು, ಮುಂದಿನ ಸುತ್ತಿನಲ್ಲಿ 5 ಲಕ್ಷ 15 ಸಾವಿರಕ್ಕೆ ಇಳಿದಾಗ ತಿಮಿಂಗಿಲ ಆಯೋಗದ ವಿಜ್ಞಾನಿಗಳು ವರ್ಷಗಟ್ಟಲೆ ವಾದ ಮಾಡಿದರು: ತಿಮಿಂಗಿಲ ಕಡಿಮೆಯಾದವೋ, ಹಿಮದ ಸಂದಿಗಳಿಗೆ ಸರಿದು ಕಣ್ಣಿಗೆ ಬೀಳದಾದವೋ?

ಕಾಣದ್ದರ ಪಾಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾವು ಸಮುದ್ರಕ್ಕೆ ಹೋಗಬೇಕಾಗಿಲ್ಲ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ 1966ರಲ್ಲಿ ರೂಪಿಸಿದ ಹೆಜ್ಜೆ ಗುರುತಿನ ಗಣತಿ ದೇಶದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಹುಲಿಯ ಪಂಜದ ಅಚ್ಚನ್ನು ಗಾಜಿನ ಮೇಲೆ ಬರೆದುಕೊಂಡು, ಇದು ಇಂಥ ಹುಲಿ ಎಂದು ತೀರ್ಮಾನಿಸುವ ಪದ್ಧತಿ. ಎಲ್ಲ ಹುಲಿಯ ಹೆಜ್ಜೆಯೂ ಸಿಗುತ್ತದೆ, ಎಲ್ಲ ಹೆಜ್ಜೆಯನ್ನೂ ಬೇರೆ ಬೇರೆಯೆಂದು ಹೇಳಬಹುದು ಎಂಬ ಎರಡು ನಂಬಿಕೆಯ ಮೇಲೆ ಅದು ನಿಂತಿತ್ತು. ಎರಡೂ ಟೊಳ್ಳು. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಇದನ್ನು ಬಲವಾಗಿ ಟೀಕಿಸಿ, ನಾಗರಹೊಳೆಯಲ್ಲಿ ಹುಲಿ ಓಡಾಡುವ ದಾರಿಗಳ ಅಕ್ಕಪಕ್ಕ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾಗಳನ್ನು ಕಟ್ಟಿಸಿದರು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಹಾಗಿರುವುದಿಲ್ಲವಾದ್ದರಿಂದ ಒಂದೊಂದು ಜಾಗಕ್ಕೂ ಎರಡು ಕ್ಯಾಮೆರಾ. 1995ರಲ್ಲಿ ಅವರ ನಾಗರಹೊಳೆಯ ಪ್ರಬಂಧ ಬಂತು. 1998ರಲ್ಲಿ ಅಮೆರಿಕದ ವನ್ಯಜೀವಿ ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಬರೆದ ದೊಡ್ಡ ಪ್ರಬಂಧದಲ್ಲಿ ನಾಗರಹೊಳೆಯ ಜೊತೆಗೆ ಕನ್ಹಾ, ಪೆಂಚ್, ಕಾಜಿರಂಗಗಳೂ ಇದ್ದವು. ಬಾಲಕ್ಕೆ ಬದಲು ಪಟ್ಟೆ, ದೋಣಿಗೆ ಬದಲು ಮರದ ಕಾಂಡ; ಗಣಿತ ಒಂದೇ.

ಸರ್ಕಾರ ಕಿವಿಗೆ ಹಾಕಿಕೊಳ್ಳಲು ಸರಿಸ್ಕಾದ ಹಗರಣವೇ ಆಗಬೇಕಾಯಿತು. ರಾಜಸ್ಥಾನದ ಆ ಕಾಡಿನ ದಾಖಲೆಯಲ್ಲಿ ಹದಿನೈದಕ್ಕೂ ಹೆಚ್ಚು ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ. 2006ರಲ್ಲಿ ಪದ್ಧತಿ ಬದಲಾದಾಗ ದೇಶದ ಸಂಖ್ಯೆ 3,642ರಿಂದ 1,411ಕ್ಕೆ ಕುಸಿಯಿತು. ಪತ್ರಿಕೆಗಳು 1,411 ಎಂದು ಮುಖಪುಟದಲ್ಲಿ ಹಾಕಿದವು. ವರದಿಯಲ್ಲಿ ಅದರ ಪಕ್ಕದಲ್ಲೇ ಇದ್ದ 1,165ರಿಂದ 1,657 ಎಂಬ ವ್ಯಾಪ್ತಿಗೆ ಮುಖಪುಟದಲ್ಲಿ ಜಾಗ ಸಿಗಲಿಲ್ಲ. ಇವತ್ತಿಗೂ ಸಿಗುವುದಿಲ್ಲ. 2022ರಲ್ಲಿ ಕರ್ನಾಟಕದಲ್ಲಿ 563 ಹುಲಿ ಎಂದು ಬಾಯಿಪಾಠ ಮಾಡುವ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಆ 563ರ ಅಕ್ಕಪಕ್ಕ ಏನಿದೆ ಎಂದು ಯಾರೂ ಹೇಳಿಕೊಡುವುದಿಲ್ಲ.

ಎಣಿಸುವವನಿಗೆ ಕಾಣದ್ದು ಪಕ್ಕದಲ್ಲಿ ನಿಂತವನಿಗೆ ಗೊತ್ತಿರುವ ಪ್ರಸಂಗಗಳೂ ಉಂಟು. ಅಲಾಸ್ಕಾದ ಉತ್ತರ ತುದಿಯಲ್ಲಿ ಇನುಪಿಯಾಟ್ ಜನ ತಲೆತಲಾಂತರದಿಂದ ಬೋಹೆಡ್ ತಿಮಿಂಗಿಲ ಬೇಟೆಯಾಡಿ ಬದುಕಿದವರು. 1977ರಲ್ಲಿ ವಿಜ್ಞಾನಿಗಳ ಅಂದಾಜು ಹೆಚ್ಚೆಂದರೆ ಎರಡು ಸಾವಿರದ ಆಸುಪಾಸು ಇತ್ತು. ತಿಮಿಂಗಿಲ ಆಯೋಗ ಬೇಟೆ ನಿಲ್ಲಿಸಿತು. ಹಿಮದ ಅಂಚಿನಲ್ಲಿ ನಿಂತು, ಸೀಳಿನಲ್ಲಿ ತೇಲಿಹೋಗುವ ತಿಮಿಂಗಿಲಗಳನ್ನು ಎಣಿಸಿ ಬಂದ ಲೆಕ್ಕ ಅದು. ಬೇಟೆಗಾರರು ನಕ್ಕರು. ತಿಮಿಂಗಿಲ ಸೀಳಿನಲ್ಲೇ ಹೋಗಬೇಕೆಂದೇನಿಲ್ಲ, ಹಿಮದ ಅಡಿಯಲ್ಲೂ ಹೋಗುತ್ತದೆ, ಉಸಿರಿಗೆ ಬೇಕಾದಾಗ ತಲೆಯಿಂದ ಹಿಮ ಒಡೆಯುತ್ತದೆ, ದಡದಿಂದ ಬಹುದೂರದಲ್ಲೂ ಹೋಗುತ್ತದೆ ಎಂದು ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್, ಜೀವವಿಜ್ಞಾನಿ ಥಾಮಸ್ ಆಲ್ಬರ್ಟ್‌ಗೆ ವಿವರಿಸಿದ. ಆಲ್ಬರ್ಟ್ ನಂಬಿದ, ಅದು ದೊಡ್ಡ ಮಾತು. ಹಿಮದಡಿ ಹೈಡ್ರೊಫೋನ್ ಇಳಿಬಿಟ್ಟು ಕೇಳಿದಾಗ ಕಣ್ಣಿಗೆ ಬೀಳದ ತಿಮಿಂಗಿಲಗಳ ದನಿ ದಂಡಿಯಾಗಿ ಸಿಕ್ಕಿತು. 2011ರ ಎಣಿಕೆಯಲ್ಲಿ ಅಂದಾಜು 16 ಸಾವಿರ ದಾಟಿತ್ತು. ನಡುವೆ ಅವು ನಿಜವಾಗಿಯೂ ಹೆಚ್ಚಿದ್ದವು, ಸರಿ. ಆದರೆ ಹಳೆಯ ಲೆಕ್ಕ ಮೊದಲೇ ಬಹಳ ಕೆಳಗಿತ್ತು.

ಒಮಾನಿನ 82ಕ್ಕೂ ಇಂಥದೇ ಒಂದು ಬಾಗಿಲಿನ ಸಮಸ್ಯೆ ಇದೆ. ಫೋಟೊ ತೆಗೆದದ್ದೆಲ್ಲ ಒಮಾನಿನಲ್ಲಿ. ಸಮುದ್ರದ ಈಚೆ ದಡಕ್ಕೆ ಬಂದು ಅಲ್ಲಿಗೆ ಹೋಗದ ತಿಮಿಂಗಿಲಗಳಿದ್ದರೆ ಅವು ಲೆಕ್ಕದಲ್ಲಿಲ್ಲ. ಅಂದಾಜು ನಿಜಕ್ಕಿಂತ ಕಡಿಮೆ ಇರಬಹುದು ಎಂದು ಮಿಂಟನ್ ತಂಡವೇ ಪ್ರಬಂಧದಲ್ಲಿ ಬರೆದಿದೆ. 2017ರ ಕೊನೆಯಲ್ಲಿ ಈ ಅನುಮಾನಕ್ಕೆ ಜೀವ ಬಂತು. ಮಸೀರಾ ಕೊಲ್ಲಿಯಲ್ಲಿ ಲುಬಾನ್ ಎಂಬ ಹೆಣ್ಣು ತಿಮಿಂಗಿಲದ ಬೆನ್ನಿಗೆ ಉಪಗ್ರಹ ಟ್ಯಾಗ್ ಹಾಕಿದ್ದರು. ಡಿಸೆಂಬರಿನಲ್ಲಿ ಅದು ನೇರ ಪೂರ್ವಕ್ಕೆ ಹೊರಟು ಸಮುದ್ರ ದಾಟಿ ಗೋವಾದ ಆಚೆ ಬಂದು ಮುಟ್ಟಿತು. ಅಲ್ಲಿಂದ ಪಶ್ಚಿಮ ಕರಾವಳಿಗುಂಟ ದಕ್ಷಿಣಕ್ಕೆ ನಡೆದು ದೇಶದ ತುದಿಯವರೆಗೆ ಹೋಗಿ, ಮತ್ತೆ ಒಮಾನಿಗೆ ಮರಳಿತು. ಕಾರವಾರ, ಮಲ್ಪೆ, ಮಂಗಳೂರುಗಳೆಲ್ಲ ಆ ದಾರಿಯಲ್ಲೇ ಬರುತ್ತವೆ. ಅದೇ 2017ರಲ್ಲಿ ಗೋವಾ ಕರಾವಳಿಯಲ್ಲಿ ನೀರೊಳಗೆ ಇಟ್ಟಿದ್ದ ಯಂತ್ರಗಳಿಗೆ ಹಂಪ್‌ಬ್ಯಾಕಿನ ಹಾಡೂ ಸಿಕ್ಕಿತ್ತು. ಹಾಡುವುದು ಗಂಡು ಮಾತ್ರ, ಅದೂ ಎಲ್ಲ ಹೊತ್ತಿನಲ್ಲೂ ಅಲ್ಲ. ಹಾಡು ಕೇಳಿದರೆ ಇದೆ ಎನ್ನಬಹುದು, ಎಷ್ಟಿದೆ ಎನ್ನಲಾಗದು.

ನಮ್ಮ ಪತ್ರಿಕೆಗಳಲ್ಲಿ ತಿಮಿಂಗಿಲ ಸುದ್ದಿಯಾಗುವುದು ಎರಡೇ ಸಲ: ಉತ್ತರ ಕನ್ನಡದ ದಡಕ್ಕೆ ಕಳೇಬರ ತೇಲಿಬಂದಾಗ, ಇಲ್ಲವೇ ಅಂಬರ್‌ಗ್ರೀಸ್ ಮಾರಲು ಹೊರಟವರು ಪೊಲೀಸರ ಕೈಗೆ ಸಿಕ್ಕಾಗ. ತಿಮಿಂಗಿಲದ ವಾಂತಿ, ಕೋಟಿ ರೂಪಾಯಿ ಎಂಬ ತಲೆಬರಹದ ಆ ವಸ್ತು ಬರುವುದು ಹಂಪ್‌ಬ್ಯಾಕಿನಿಂದಲ್ಲ, ಸ್ಪರ್ಮ್ ತಿಮಿಂಗಿಲದಿಂದ. ಬದುಕಿದ ತಿಮಿಂಗಿಲವನ್ನು ಕಾಣುವವರು ಬೇರೆ. ಆಳ ಸಮುದ್ರಕ್ಕೆ ಹೋಗುವ ದೋಣಿಗಳಲ್ಲಿ ಮೊಗವೀರ, ಖಾರ್ವಿಗಳಷ್ಟೇ ಈಗ ಇಲ್ಲ. ಬಯಲುಸೀಮೆಯಿಂದ ದುಡಿಯಲು ಬಂದವರೂ ಇದ್ದಾರೆ. ನಮ್ಮ ಮುದ್ದೇಬಿಹಾಳ, ಇಂಡಿ ಕಡೆಯ ಹಳ್ಳಿ ತಾಂಡಾಗಳಿಂದ ಗೋವಾದ ದಾರಿ ಹಿಡಿದವರು ಎಷ್ಟೋ ಜನ. ಅರಬ್ಬಿ ಸಮುದ್ರದ ಸುತ್ತಲ ದೇಶಗಳ ತಜ್ಞರು 2015ರಲ್ಲಿ ಒಂದು ತಿಮಿಂಗಿಲ ಜಾಲ ಕಟ್ಟಿಕೊಂಡಿದ್ದಾರೆ. ಯಾವನೋ ಒಬ್ಬ ಕೆಲಸದ ಹುಡುಗ ಮೊಬೈಲಿನಲ್ಲಿ ಹಿಡಿದ ಬಾಲದ ಕೆಳಮೈಯ ಸ್ಪಷ್ಟ ಫೋಟೊ ಒಂದೇ ಒಂದು ಅವರ ಕೈ ಸೇರಿದರೂ ಒಮಾನಿನ ಪಟ್ಟಿಯೊಂದಿಗೆ ತಾಳೆ ನೋಡಬಹುದು. ಪಟ್ಟಿಯಲ್ಲಿ ಇದ್ದರೆ ಒಂದು ಸುದ್ದಿ. ಇಲ್ಲದಿದ್ದರೆ ಇನ್ನೂ ದೊಡ್ಡ ಸುದ್ದಿ.

ಸಂಖ್ಯೆ ಚಿಕ್ಕದಾದಂತೆ ಎಣಿಸುವುದು ಸುಲಭವಾಗಬೇಕು ಅನಿಸುತ್ತದೆ. ಆಗುವುದು ತಿರುಗುಮುರುಗು. ಇದನ್ನು ನೋಡಲು ಇಂಡಿಯಿಂದ ಭೀಮಾ ದಾಟಿದರೆ ಸಾಕು. ಸೊಲ್ಲಾಪುರದ ಪಕ್ಕದ ನಾನಜ್‌ನಲ್ಲಿ ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. ಪುಸ್ತಕಗಳ ಗ್ರೇಟ್ ಇಂಡಿಯನ್ ಬಸ್ಟರ್ಡ್, ಮರಾಠಿಯವರ ಮಾಳಢೋಕ್, ಎರಿ ಬಯಲಿನ ಹುಲ್ಲಿನಲ್ಲಿ ಮೊಟ್ಟೆಯಿಡುವ ಹಕ್ಕಿ. ಒಂದು ಮೀಟರ್ ಎತ್ತರದ ಹಕ್ಕಿಯಾದರೂ ಹೆಣ್ಣು ಕದಲದೆ ಕೂತರೆ ಹತ್ತು ಮಾರು ದೂರದಿಂದಲೂ ಕಾಣದು. ಗಂಡು ಮಳೆಗಾಲದಲ್ಲಿ ಗಂಟಲು ಉಬ್ಬಿಸಿ ಕುಣಿಯುವಾಗ ಮಾತ್ರ ದೂರಕ್ಕೆ ಕಾಣುತ್ತದೆ. 1969ರಲ್ಲಿ ದೇಶದಲ್ಲಿ 1,260 ಎಂಬ ಅಂದಾಜಿತ್ತು, 2008ರಲ್ಲಿ 300. 2018ರ ಹೊತ್ತಿಗೆ ರಾಜಸ್ಥಾನದಲ್ಲಿ 128, ಅದೂ 19 ಹೆಚ್ಚುಕಡಿಮೆ. ನಮ್ಮ ಸಿರುಗುಪ್ಪ, ನಾನಜ್, ಆಂಧ್ರಗಳದ್ದೆಲ್ಲ ಒಂದಂಕಿಯ ಮಾತು. ಒಂದಂಕಿಗೆ ಬಂದ ಮೇಲೆ ಸೂತ್ರಗಳು ಕೆಲಸ ಮಾಡುವುದಿಲ್ಲ. ನಿನ್ನೆ ಎರಡು ಕಂಡವು, ಇವತ್ತು ಒಂದೂ ಕಾಣಲಿಲ್ಲ. ಇದ್ದದ್ದು ಹೋಯಿತೋ, ಪಕ್ಕದ ಜೋಳದ ಹೊಲಕ್ಕೆ ಸರಿಯಿತೋ ಹೇಳಲು ಯಾವ ಗಣಿತಕ್ಕೂ ಆಗದು.

ಸಂಖ್ಯೆ ಚಿಕ್ಕದಾದಾಗ ಇಳಿತ ಕಣ್ಣಿಗೆ ಬೀಳದೆ ಹೋಗುವ ಅಪಾಯದ ಬಗ್ಗೆ ಅಮೆರಿಕದ ವಿಜ್ಞಾನಿಗಳಾದ ಬಾರ್ಬರಾ ಟೇಲರ್ ಮತ್ತು ಟಿಮ್ ಗೆರೊಡೆಟ್ 1993ರಲ್ಲೇ ಬರೆದರು. ಅವರ ಉದಾಹರಣೆಗಳಲ್ಲೊಂದು ಮೆಕ್ಸಿಕೊದ ಪುಟ್ಟ ಕಡಲಹಂದಿ ವಕೀಟಾ. ಒಮಾನಿನ ತಿಮಿಂಗಿಲಗಳಿಗೂ ಅದೇ ಮಾತು: 82ರ ವ್ಯಾಪ್ತಿ 60ರಿಂದ 111 ಎಂದಿರುವಾಗ, ಇಪ್ಪತ್ತು ತಿಮಿಂಗಿಲ ಸತ್ತುಹೋದರೂ ಹೊಸ ಅಂದಾಜು ಹಳೆಯ ವ್ಯಾಪ್ತಿಯ ಒಳಗೇ ಕೂತಿರುತ್ತದೆ. ಇಳಿತ ಸಾಬೀತಾಗಲಿಲ್ಲ ಎಂದು ವರದಿ ಬರೆಯಬಹುದು. ಸಾಬೀತಾಗುವ ಹೊತ್ತಿಗೆ ಉಳಿಸಲು ಏನೂ ಇರುವುದಿಲ್ಲ. ಆದ್ದರಿಂದ ಅವರ ವಾದ: ಇಳಿತ ಸಾಬೀತಾದ ಮೇಲೆ ರಕ್ಷಣೆ ಎಂಬ ನಿಯಮವನ್ನೇ ತಿರುಗಿಸಿ. ವಕೀಟಾದ ವಿಷಯದಲ್ಲಿ ಅದನ್ನು ಕೇಳಿದವರು ಕಡಿಮೆ. ಇಪ್ಪತ್ತೈದು ವರ್ಷದಲ್ಲಿ ಅದು ಹತ್ತರ ಆಸುಪಾಸಿಗೆ ಬಂತು.

ತಿರುಗಿಸಿದ ನಿಯಮ ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಕಾನೂನಿಗೆ 1994ರಲ್ಲಿ ಸೇರಿಸಿದ ಒಂದು ಗುಣಾಕಾರ ಇದೆ. ಬಲೆ, ಹಡಗು ಇತ್ಯಾದಿ ಮನುಷ್ಯ ಕಾರಣದಿಂದ ವರ್ಷಕ್ಕೆ ಎಷ್ಟು ಸತ್ತರೆ ಗುಂಪು ತಾಳಿಕೊಂಡೀತು ಎಂದು ಅದು ಹೇಳುತ್ತದೆ. ನಡುವಿನ ಅಂದಾಜನ್ನು ಅದು ಮುಟ್ಟುವುದಿಲ್ಲ. ಎಚ್ಚರಿಕೆಯ ಕಡಿಮೆ ಅಂದಾಜನ್ನು ಹಿಡಿಯುತ್ತದೆ. ಕಾನೂನಿನಲ್ಲಿ ಆ ಕಡಿಮೆ ಅಂದಾಜಿಗೆ ಬೇರೆಯದೇ ಸೂತ್ರವಿದೆ, ನಾವು ಸರಳವಾಗಿ 60 ಎಂದೇ ಇಟ್ಟುಕೊಳ್ಳೋಣ. ತಿಮಿಂಗಿಲಗಳು ಹೆಚ್ಚಬಹುದಾದ ವೇಗ ವರ್ಷಕ್ಕೆ ನೂರಕ್ಕೆ 4 ಎಂದು ಹಿಡಿದು ಅದರ ಅರ್ಧದಿಂದ ಗುಣಿಸಬೇಕು, 60ಕ್ಕೆ 1.2 ಬಂತು. ಅಳಿವಿನಂಚಿನವಾದರೆ ಇನ್ನೂ ಹತ್ತರಲ್ಲಿ ಒಂದು ಪಾಲು ಮಾಡಬೇಕು, 0.12. ಅಂದರೆ ಎಂಟು ವರ್ಷಕ್ಕೆ ಒಂದು ತಿಮಿಂಗಿಲ. ಇಡೀ ಅರಬ್ಬಿ ಸಮುದ್ರಕ್ಕೆ. ಒಮಾನ್, ಇರಾನ್, ಪಾಕಿಸ್ತಾನ, ಭಾರತ, ಎಲ್ಲರ ಬಲೆಗಳೂ ಎಲ್ಲರ ಹಡಗುಗಳೂ ಸೇರಿ.

ಗೋವಾ ಕಾರವಾರದ ಕಡಲಿನಲ್ಲಿ ಹೊಸ ಬಾಲಗಳು ಸಿಕ್ಕು ಆ 60 ದುಪ್ಪಟ್ಟಾಯಿತು ಎಂದೇ ಇಟ್ಟುಕೊಂಡು ಮತ್ತೆ ಗುಣಿಸಿ ನೋಡಿ. ನಾಲ್ಕು ವರ್ಷಕ್ಕೆ ಒಂದು. ಒಮಾನಿನಲ್ಲಿ ಬಾಲದ ಬುಡದ ಫೋಟೊ ಚೆನ್ನಾಗಿ ಸಿಕ್ಕ ತಿಮಿಂಗಿಲಗಳಲ್ಲಿ ಮೂರಕ್ಕೆ ಒಂದರ ಮೈಮೇಲೆ ಬಲೆಯ ಗಾಯದ ಗುರುತಿತ್ತು. ಅವು ಬಿಡಿಸಿಕೊಂಡು ಬದುಕಿದವು. ಬಿಡಿಸಿಕೊಳ್ಳಲಾಗದವುಗಳ ಫೋಟೊ ಯಾವ ಪಟ್ಟಿಯಲ್ಲೂ ಇಲ್ಲ.